ಹಿಂಬದಿ ಓದಬೇಡ

ಜುಲೈ 6

ತಮ್ಮಾ,

ಹಾಸ್ಟೆಲಿಗೆ ಬಂದು ನಾಲ್ಕು ದಿನವಾಯಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಕಬ್ಬಿಣದ ಮಂಚ, ತಗಡಿನ ಟ್ರಂಕು, ಬೆಳಿಗ್ಗೆ ಬಚ್ಚಲಿಗೆ ಸಾಲು. ನಮ್ಮ ತರಗತಿಯಲ್ಲಿ ಹದಿನಾಲ್ಕು ಜನ. ಡಾಕ್ಟರುಗಳು, ನನ್ನಂಥ ನರ್ಸುಗಳು, ಒಬ್ಬ ಫಾರ್ಮಸಿಸ್ಟು. ಎಲ್ಲರೂ ವರ್ಷಗಟ್ಟಲೆ ಕೆಲಸ ಮಾಡಿ, ಈಗ ಮತ್ತೆ ಬೆಂಚಿನ ಮೇಲೆ ಕೂತವರೇ. ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋವಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಅಂತ ಒಂದು ವರ್ಷ ಕಲಿಸುತ್ತಾರಂತೆ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಅದನ್ನೇ ಮಾಡಿದ್ದೇನೆ ಅಂದುಕೊಂಡಿದ್ದೆ. ಮೊದಲ ದಿನವೇ ಮೇಡಂ ಆ ಗರ್ವ ಇಳಿಸಿದರು.

ಫೋನು ಬಿಟ್ಟು ಪತ್ರ ಯಾಕೆ ಅಂತ ನಿನಗೆ ಗೊತ್ತು. ನಡುಮನೆಯಲ್ಲಿ ಫೋನು, ಅದರ ಪಕ್ಕದಲ್ಲೇ ಅಪ್ಪನ ಮಂಚ. ಕಣ್ಣು ಮುಚ್ಚಿಕೊಂಡು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಾರೆ. ಮೂವತ್ತೈದು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ತಪಾಸಣೆ ಮಾಡಿದ ಅಳತೆ-ತೂಕದ ಇನ್ಸ್‌ಪೆಕ್ಟರು, ಮಕ್ಕಳನ್ನು ಮಾತ್ರ ನಂಬುತ್ತಾರೆಯೇ? ಅದಕ್ಕೇ ನಿನ್ನ ಬೈಂಡಿಂಗ್ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಹಾಳೆ ನೋಡಿ ನಗಬೇಡ. ಒಂದೇ ಮಗ್ಗುಲು ಬರೆದ ಹಾಳೆಯನ್ನು ಎಸೆದರೆ ಅಪ್ಪ ಸ್ಕೇಲಿನಲ್ಲಿ ಬೆರಳಿಗೆ ಕೊಡುತ್ತಿದ್ದರಲ್ಲ, ಆ ಅಭ್ಯಾಸ ಇನ್ನೂ ಹೋಗಿಲ್ಲ. ಇದು ಪಾಠದ ಹಾಳೆ. ಹಿಂಬದಿ ಓದಬೇಡ, ನಿನಗೆ ಬೇಕಾದದ್ದು ಅಲ್ಲೇನೂ ಇಲ್ಲ.

ಈಗ ಕೆಲಸದ ಮಾತು. ಅಪ್ಪನ ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿದೆ, ಅದು ಅವರಿಗೂ ಗೊತ್ತು. ಡಾಕ್ಟರು ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಉಳಿದದ್ದನ್ನು ನಾನು ಬರೆದು ತಿಳಿಸುತ್ತೇನೆ ಅಂತ ಅವರಿಗೆ ಹೇಳಿ ಬಂದಿದ್ದೇನೆ. ನಾಲ್ಕು ಮಾತು ಚೆನ್ನಾಗಿ ನೆನಪಿಡು.

ಒಂದು, ನಾಲ್ಕು ಗಂಟೆಗೊಂದು ಮಾತ್ರೆ. ಗಡಿಯಾರ ನೋಡಿ ಕೊಡು, ನೋವು ಬರಲಿ ಅಂತ ಕಾಯಬೇಡ.

ಎರಡು, ದಿನಕ್ಕೆ ಮೂರು ಹೊತ್ತು ನೋವು ಎಷ್ಟಿದೆ ಅಂತ ಕೇಳು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಅವರು ಹೇಳಿದ ಅಂಕಿಯನ್ನು ಪಟ್ಟಿಯಲ್ಲಿ ಬರೆದಿಡು.

ಮೂರು, ಈ ಮಾತ್ರೆ ಆಯಸ್ಸು ಕಡಿಮೆ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವನ್ನು ಇಳಿಸುತ್ತದೆ, ಅಷ್ಟೇ.


ಜುಲೈ 15

ಅಕ್ಕಾ,

ಪತ್ರ ತಲುಪಿತು. ಕೊನೆಯಲ್ಲಿ ಸಹಿ ಇಲ್ಲ, 'ನಿನ್ನ ಅಕ್ಕ' ಎಂಬ ಎರಡು ಪದವೂ ಇಲ್ಲ. ಡಿಪ್ಲೊಮಾ ಕೈಗೆ ಬರುವ ಮೊದಲೇ ತಲೆಗೆ ಏರಿತೇ ಅಂತ ನನ್ನ ಹೆಂಡತಿ ಕೇಳುತ್ತಿದ್ದಳು. ನಾನು ನಿನ್ನ ಪರ ವಹಿಸಿದೆ. ಇನ್ನೊಂದು ಸಲ ವಹಿಸುವುದಿಲ್ಲ.

ನೀನು ಹೇಳಿದ ಮೂರೂ ಮಾತನ್ನು ಪಾಲಿಸುತ್ತಿದ್ದೇವೆ. ಪತ್ರ ಎಲ್ಲಾದರೂ ಕಳೆದುಹೋದೀತು ಅಂತ ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ, ಪುಸ್ತಕದ ರಟ್ಟಿಗೆ ಹಚ್ಚುವ ಗೋಂದಿನಲ್ಲಿ. ಒಂದು ಗುಳ್ಳೆಯಿಲ್ಲ, ಒಂದು ಮೂಲೆ ಎದ್ದಿಲ್ಲ. ಹದಿನೆಂಟು ವರ್ಷ ಬೈಂಡಿಂಗ್ ಮಾಡಿದ ಕೈ. ಈಗ ಅದನ್ನು ಕೀಳಬೇಕಾದರೆ ಬಾಗಿಲನ್ನೇ ಕೀಳಬೇಕು.

ಅಪ್ಪನದು ಬೇರೆಯೇ ಕಥೆ. ಮಾತ್ರೆ ತಂದ ದಿನ ಡಬ್ಬಿಯ ಮೇಲಿನದನ್ನೆಲ್ಲ ಓದಿದರು, ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡಿದರು. ಆಮೇಲೆ ಅವರ ಹಳೆಯ ಚಿಕ್ಕ ತಕ್ಕಡಿ ತರಿಸಿ ಎರಡು ಮಾತ್ರೆಯನ್ನು ಆ ಕಡೆ ಈ ಕಡೆ ಇಟ್ಟು ತೂಗಿದರು. "ಎರಡೂ ಒಂದೇ ತೂಕ ಇಲ್ಲ. ಕಂಪನಿ ಮೇಲೆ ಕೇಸ್ ಹಾಕಬಹುದು," ಅಂದರು. ಆ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಈಗ ಹಾಸಿಗೆಯಲ್ಲೇ ಇದೆ. ದಿನವಿಡೀ ಅವುಗಳನ್ನು ಉಜ್ಜುತ್ತಾ ಕೂರುತ್ತಾರೆ.

ನೋವಿನ ಅಂಕಿ ಕೇಳಿದೆ.

"ಹತ್ತು ಅಂದ್ರೆ ಎಷ್ಟು?" ಅಂದರು.

"ತಡ್ಕೊಳ್ಳೋಕೆ ಆಗದಷ್ಟು ಅಪ್ಪಾ."

"ಯಾರಿಗೆ? ನಿನಗಾ, ನನಗಾ? ಅಸಲು ಬಟ್ಟು ಎಲ್ಲಿದೆ ತೋರ್ಸು, ಅದಕ್ಕೆ ಹೋಲಿಸಿ ಹೇಳ್ತೀನಿ. ಮುದ್ರೆ ಇಲ್ಲದ ತಕ್ಕಡೀಲಿ ತೂಗೋದು ಅಪರಾಧ ಕಣೋ."

ಇಷ್ಟೇ ಸಮಾಚಾರ. ಪಟ್ಟಿ ಬರೆಯುತ್ತಿದ್ದೇನೆ, ಕಳಿಸುತ್ತೇನೆ.

ನಿನ್ನ ತಮ್ಮ (ಸಹಿ ಮಾಡುವುದು ಹೀಗೆ)


ಜುಲೈ 27

ತಮ್ಮಾ,

ನಿನ್ನ ಪತ್ರ ಓದಿ ಹಾಸ್ಟೆಲಿನಲ್ಲಿ ಒಬ್ಬಳೇ ನಕ್ಕೆ. ನೀವೆಲ್ಲ ಹೇಳಿದಂತೆ ಮಾಡುತ್ತಿದ್ದೀರಿ ಅಂತ ಸಮಾಧಾನವಾಯಿತು.

ಇಲ್ಲಿ ಈ ವಾರ ನಮಗೆ ನಾಟಕ. ಒಬ್ಬ ನಟಿಯನ್ನು ರೋಗಿಯ ಹಾಗೆ ಕೂರಿಸುತ್ತಾರೆ. ಕಾಯಿಲೆ ಗುಣವಾಗುವುದಿಲ್ಲ ಅಂತ ನಾವು ಒಬ್ಬೊಬ್ಬರಾಗಿ ಹೋಗಿ ಅವಳಿಗೆ ಹೇಳಬೇಕು, ಉಳಿದವರು ಗಾಜಿನ ಆಚೆ ಕೂತು ನೋಡುತ್ತಾರೆ. ನನ್ನ ಸರದಿಯಲ್ಲಿ ಆಕೆ ಅತ್ತುಬಿಟ್ಟಳು. ನಾನು ತಕ್ಷಣ ನೀರು ಕೊಟ್ಟೆ, ಬೆನ್ನು ಸವರಿದೆ, ದಿಂಬು ಸರಿಮಾಡಿದೆ. ಮೇಡಂ ಎಲ್ಲರ ಮುಂದೆ ಕೇಳಿದರು: "ಯಾಕಮ್ಮ ಅಷ್ಟು ಗಡಿಬಿಡಿ? ಸುಮ್ಮನೆ ಕೂತ್ಕೊಳ್ಳೋಕೆ ಭಯಾನಾ?" ಇನ್ನು ಮುಂದೆ ಕೈಗಿಂತ ಕಿವಿಗೆ ಕೆಲಸ ಕೊಡಬೇಕಂತೆ.

ಆದ್ದರಿಂದ ನಿನ್ನನ್ನೂ ಕೇಳುತ್ತೇನೆ, ಸಮಯ ಮಾಡಿಕೊಂಡು ಉತ್ತರ ಬರಿ. ನಿನಗೆ ರಾತ್ರಿ ನಿದ್ದೆ ಹೇಗಿದೆ? ಈ ಜವಾಬ್ದಾರಿಯಲ್ಲಿ ನಿನಗೆ ಅತಿ ಕಷ್ಟವೆನಿಸುವುದು ಯಾವುದು? ನಿನ್ನ ಭಾರ ಹಂಚಿಕೊಳ್ಳುವವರು ಯಾರಿದ್ದಾರೆ? ಮುಂದೇನು ಎಂಬ ಬಗ್ಗೆ ಮನೆಯಲ್ಲಿ ಮಾತಾಡಿದ್ದೀರಾ? ನಿನಗಾಗಿ ನೀನು ಕೊನೆಯ ಸಲ ಏನು ಮಾಡಿಕೊಂಡೆ?

ನಿನ್ನ ಅಕ್ಕ


ಆಗಸ್ಟ್ 9

ಅಕ್ಕಾ,

ಈ ಸಲ ಹಿಂಬದಿ ಓದಿದೆ. ಮೊದಲ ಪತ್ರದಲ್ಲಿ ಓದಬೇಡ ಅಂದೆ, ಓದಲಿಲ್ಲ. ಆದರೆ ದಿನಾ ನೂರು ಹಾಳೆ ತಿರುಗಿಸುವವನ ಕೈಗೆ ಹಾಳೆ ಕೊಟ್ಟು ತಿರುಗಿಸಬೇಡ ಅಂದರೆ ಎಷ್ಟು ದಿನ ನಡೆದೀತು?

ಅಲ್ಲಿ ಅಚ್ಚಾಗಿದೆ: 'ಆರೈಕೆ ಮಾಡುವವರ ದಣಿವು ಅಳೆಯಲು ಕೇಳಬೇಕಾದ ಐದು ಪ್ರಶ್ನೆಗಳು.' ನಿದ್ದೆ, ಅತಿ ಕಷ್ಟದ್ದು, ಭಾರ ಹಂಚಿಕೊಳ್ಳುವವರು, ಮುಂದೇನು, ನಿಮಗಾಗಿ ಏನು ಮಾಡಿಕೊಂಡಿರಿ. ನೀನು ಕೇಳಿದ ಐದೂ ಅವೇ, ಅದೇ ಸಾಲಿನಲ್ಲಿ. ನಿನ್ನದು ಅಂತ ಒಂದು ಪ್ರಶ್ನೆಯೂ ಇಲ್ಲ. ಗಾಜಿನ ಆಚೆ ಯಾರು ಕೂತು ನನ್ನನ್ನು ನೋಡುತ್ತಿದ್ದಾರೆ ಅಕ್ಕಾ?

ಭಾನುವಾರ ಫೋನಿನಲ್ಲಿ ಅಪ್ಪನ ಹತ್ತಿರವೂ ಅದೇ ಧಾಟಿಯಲ್ಲಿ ಮಾತಾಡಿದೆಯಂತೆ. ಫೋನಿಟ್ಟ ಮೇಲೆ ಏನಂದರು ಗೊತ್ತೇ? "ನಿಮ್ಮಕ್ಕ ನಮ್ಮ ಇಲಾಖೆಗೆ ಸೇರಿದ ಹಾಗಿದೆ. ನಾವೂ ಹಿಂಗೇ ಮಾಡ್ತಿದ್ವಿ. ಅಂಗಡಿಯವನ ಮಕ್ಕಳ ಕ್ಷೇಮ ಎಲ್ಲ ಕೇಳಿ, ಆಮೇಲೆ ತಕ್ಕಡಿ ಎತ್ತಿ ತಳ ನೋಡೋದು."

ನನ್ನ ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ನಿಮ್ಮಂಥವರ ಪ್ರಬಂಧಗಳೇ. 'ರೋಗಿ ಕ, ಎಪ್ಪತ್ತಾರು ವರ್ಷ, ಗಂಡು' ಅಂತ ಶುರುವಾಗುತ್ತವೆ. ಹೊಲಿಯುವಾಗ ಓದುತ್ತೇನೆ. ಅಂಥದ್ದರಲ್ಲಿ ಅಪ್ಪನನ್ನು ಕೂರಿಸುತ್ತಿದ್ದೀಯಾ? ಹೌದು ಅಥವಾ ಇಲ್ಲ, ಒಂದು ಪದ ಸಾಕು.

ನೋವಿನ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮೂರು ವಾರದ್ದಿದೆ.

ತಮ್ಮ


ಆಗಸ್ಟ್ 18

ತಮ್ಮಾ,

ಇಲ್ಲ. ಬರೆಯುತ್ತಿಲ್ಲ.

ಪ್ರಶ್ನೆಗಳನ್ನು ಪಾಠದಿಂದ ತೆಗೆದುಕೊಂಡದ್ದು ನಿಜ. ಒಳ್ಳೆಯ ಪ್ರಶ್ನೆಗಳು ಅಂತ ತೆಗೆದುಕೊಂಡೆ. ಅಪರಿಚಿತರಿಗೆ ಕೇಳಬಹುದಾದದ್ದನ್ನು ತಮ್ಮನಿಗೆ ಕೇಳಬಾರದೇ? ನೀನು ಐದರಲ್ಲಿ ಒಂದಕ್ಕೂ ಉತ್ತರ ಕೊಡಲಿಲ್ಲ, ಜಗಳ ಮಾತ್ರ ಕಳಿಸಿದೆ.

ಈಗ ನನ್ನ ಸರದಿ. ನಿನ್ನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತೊಂದು ದಿನ, ಮೂರು ಹೊತ್ತು. ಮೂರು, ಮೂರು, ನಾಲ್ಕು. ಮೂರು, ಮೂರು, ನಾಲ್ಕು. ಒಂದೇ ಪೆನ್ನು, ಒಂದೇ ಒತ್ತು. ಒಂದು ಕಡೆ ಕೈ ತಗುಲಿ ಶಾಯಿ ಹರಡಿದೆ, ಅದರಲ್ಲಿ ಐದು ದಿನದ ಅಂಕಿಗಳು ಒಟ್ಟಿಗೆ ಹಸಿಯಾಗಿದ್ದವು ಅಂತ ಕಾಣುತ್ತದೆ. ನಾನೂ ಇನ್ಸ್‌ಪೆಕ್ಟರನ ಮಗಳೇ. ಇದನ್ನು ನೀನು ಒಂದೇ ಸಲ ಕೂತು ಬರೆದಿದ್ದೀಯ.

ಮೊನ್ನೆ ಡಾಕ್ಟರು ಸೊಂಟ ಮುಟ್ಟಿದ ಕೂಡಲೇ ಅಪ್ಪ ಕೂಗಿಕೊಂಡರಂತೆ. ನೀನು ಹೇಳಲಿಲ್ಲ. ನಿನ್ನ ಹೆಂಡತಿ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು. ಮೂರು, ನಾಲ್ಕರ ನೋವಿಗೆ ಅಪ್ಪನಂಥವರು ಕೂಗುವುದಿಲ್ಲ. ಅಷ್ಟು ಮಾತ್ರೆ ಹೊಟ್ಟೆಗೆ ಹೋಗುತ್ತಿದ್ದರೆ ಅಷ್ಟು ನೋವು ಇರಲೂಬಾರದು.

ಮಾತ್ರೆ ಕೊಡುತ್ತಿದ್ದೀಯಾ? ಡಬ್ಬಿ ಖಾಲಿಯಾಗುತ್ತಿದೆ ಅಂತ ಡಾಕ್ಟರು ಹೇಳುತ್ತಾರೆ. ಹಾಗಾದರೆ ಅದು ಎಲ್ಲಿಗೆ ಹೋಗುತ್ತಿದೆ?

ಅಕ್ಕ


ಸೆಪ್ಟೆಂಬರ್ 3

ತಮ್ಮಾ,

ಎರಡು ವಾರವಾಯಿತು, ಉತ್ತರವಿಲ್ಲ. ಭಾನುವಾರ ಫೋನು ಎತ್ತಿದ ನಿನ್ನ ಹೆಂಡತಿ ನೀನು ಅಂಗಡಿಯಲ್ಲಿದ್ದೀಯ ಅಂದಳು. ಭಾನುವಾರ ನಿನ್ನ ಅಂಗಡಿಗೆ ಬೀಗ ಅಂತ ನನಗೆ ಗೊತ್ತಿಲ್ಲವೇ?

ಈಗ ನಮ್ಮನ್ನು ವಾರ್ಡಿಗೆ ಹಾಕಿದ್ದಾರೆ. ಕೈಗೆ ಸಿಕ್ಕಿದ ಹಾಳೆಯಲ್ಲಿ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಹನ್ನೊಂದನೆಯ ಹಾಸಿಗೆಯ ಅಜ್ಜಿ ಇವತ್ತು ಬೆಳಿಗ್ಗೆ ಹೋದರು. ನೋವಿರಲಿಲ್ಲ. ಹೋಗುವ ಮುಂಚೆ ತಲೆ ಬಾಚು ಅಂದರು, ಬಾಚಿದೆ. ಇಷ್ಟು ಹಗುರವಾಗಿ ಒಬ್ಬರು ಹೋಗುವುದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಬಾಚಣಿಗೆ ತೊಳೆಯುತ್ತಾ ಅಪ್ಪನ ನೆನಪಾಗಿ ಅತ್ತೆ. ಅಪ್ಪನಿಗೂ ಹೀಗೆಯೇ ಆಗಬೇಕು ತಮ್ಮಾ. ನನಗೆ ಬೇಕಿರುವುದು ಅದೊಂದೇ. ಅವರು ನರಳಿಕೊಂಡು ಹೋದರೆ ಈ ಓದು ಕಟ್ಟಿಕೊಂಡು ನಾನೇನು ಮಾಡಲಿ?

ಸಿಟ್ಟಿದ್ದರೆ ಬೈದು ಬರಿ. ಆದರೆ ಬರಿ.

ಅಕ್ಕ


ಸೆಪ್ಟೆಂಬರ್ 11

ಅಕ್ಕಾ,

ಬೈದು ಬರಿ ಅಂದೆಯಲ್ಲ, ಬರೆಯುತ್ತೇನೆ. ಬಾಚಣಿಗೆಯ ಕಥೆ ಓದಿ ನನ್ನ ಕಣ್ಣಲ್ಲೂ ನೀರು ಬಂತು. ಕ್ಷಮಿಸು ಅಕ್ಕಾ ಅಂತ ಬರೆಯಬೇಕೆಂದು ಪೆನ್ನು ತೆಗೆದೆ. ಆಮೇಲೆ ಹಾಳೆ ತಿರುಗಿಸಿದೆ.

ನಿನ್ನ ಬರಹ ನಿನಗೇ ಓದಿ ಹೇಳುತ್ತೇನೆ. 'ಪ್ರಕರಣ ಏಳು, ಮೊದಲ ಕರಡು. ರೋಗಿ: ಎಪ್ಪತ್ತಾರು ವರ್ಷದ ಪುರುಷ, ನಿವೃತ್ತ ಸರ್ಕಾರಿ ನೌಕರ. ಆರೈಕೆ ಮಾಡುವವರು: ಮಗ, ನಲವತ್ತೊಂದು, ಬುಕ್ ಬೈಂಡರ್. ಸಹಕಾರ ಕಡಿಮೆ. ನೋವಿನ ದಾಖಲೆ ನಂಬಲರ್ಹವಲ್ಲ. ಔಷಧಿ ರೋಗಿಗೆ ತಲುಪುತ್ತಿಲ್ಲವೆಂಬ ಶಂಕೆ. ಮಗ ಸ್ವತಃ ಬಳಸುತ್ತಿರುವ ಅಥವಾ ಬೇರೆಯವರಿಗೆ ಕೊಡುತ್ತಿರುವ ಸಾಧ್ಯತೆಯನ್ನೂ ಪರಿಗಣಿಸಬೇಕು.'

ಬರೆಯುತ್ತಿಲ್ಲ ಅಂದಿದ್ದೆ ನೀನು. ಒಂದು ಪದ ಕೇಳಿದ್ದಕ್ಕೆ ಎರಡು ಪದದ ಸುಳ್ಳು ಹೇಳಿದೆ.

ಅಪ್ಪನ ಮಾತ್ರೆಯನ್ನು ಕದ್ದು ನುಂಗುವವನು ನಾನು. ಇಲ್ಲವೇ ಮಾರುವವನು. ಎರಡರಲ್ಲಿ ಯಾವುದು ಅಂತ ಮುಂದಿನ ಕರಡಿನಲ್ಲಿ ತೀರ್ಮಾನ ಮಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಪ್ಪನಿಗೆ ನೋವು, ಬರೆ ನನಗೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಅಮ್ಮ ಯಾರನ್ನೋ ಬೈಯುತ್ತಿದ್ದಳು. ಯಾರನ್ನು ಅಂತ ಈಗ ತಿಳಿಯಿತು.

ಹೌದು, ಪಟ್ಟಿ ಸುಳ್ಳು. ಅಪ್ಪ ಅಂಕಿ ಹೇಳುವುದಿಲ್ಲ, ನಾನೇ ಮುಖ ನೋಡಿ ಬರೆದೆ, ವಾರಕ್ಕೊಮ್ಮೆ ಕೂತು ತುಂಬಿದೆ. ಇನ್ನೊಂದನ್ನೂ ಬರೆದುಕೋ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅಪ್ಪ ಎಷ್ಟು ಕರೆದರೂ ಏಳಲಿಲ್ಲ, ನನಗೆ ಜೀವ ಹೋದ ಹಾಗಾಯಿತು. ಆ ಒಂದು ಹೊತ್ತು ಮಾತ್ರೆ ಕೊಡಲಿಲ್ಲ. ಒಂದೇ ಒಂದು ಹೊತ್ತು. ಉಳಿದದ್ದನ್ನೆಲ್ಲ ನನ್ನ ಕೈಯಾರೆ ಅವರ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟಿದ್ದೇನೆ. ನಂಬುವುದಾದರೆ ನಂಬು.

ಇನ್ನು ನನಗೆ ಬರೆಯಬೇಡ.


ಸೆಪ್ಟೆಂಬರ್ 18

ತಮ್ಮಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ.

ನಾನು ಸುಳ್ಳು ಹೇಳಿದೆ. ಒಬ್ಬ ರೋಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಬರೆಯಲೇಬೇಕು ಅಂತ ಇಲ್ಲಿ ನಿಯಮ. ವಾರ್ಡಿನಲ್ಲಿ ನನ್ನ ಪಾಲಿಗೆ ಬಂದವರು ಹತ್ತು ದಿನ, ಹದಿನೈದು ದಿನದಲ್ಲಿ ಹೋಗಿಬಿಡುತ್ತಾರೆ. ತಿಂಗಳುಗಟ್ಟಲೆ ಅಂತ ಇದ್ದವರು ಅಪ್ಪ ಒಬ್ಬರೇ. ಇದು ನೆಪ ಅಂತ ಗೊತ್ತು. ನಿಜ ಹೇಳಲೇ? ರೋಗಿಯನ್ನು ಹೇಗೆ ನೋಡಬೇಕು ಅಂತ ನನಗೆ ಗೊತ್ತು. ಸಾಯುತ್ತಿರುವ ಅಪ್ಪನನ್ನು ಹೇಗೆ ನೋಡಬೇಕು ಅಂತ ಗೊತ್ತಿಲ್ಲ. ಅದಕ್ಕೆ ಅವರನ್ನು ಪ್ರಕರಣ ಏಳು ಮಾಡಿಕೊಂಡೆ. ನಿನ್ನನ್ನು ಏನು ಮಾಡಿಕೊಂಡೆ ಅಂತ ನೀನೇ ಓದಿದೆ. ನಾಚಿಕೆಯಾಗುತ್ತದೆ.

ಅಂಥ ಸಾಧ್ಯತೆಯನ್ನೂ ಬರೆಯಬೇಕು ಅಂತ ನಮಗೆ ಕಲಿಸುತ್ತಾರೆ, ಎಲ್ಲ ಮನೆಯ ಬಗ್ಗೆಯೂ ಬರೆಯುತ್ತೇವೆ. ನಮ್ಮ ಮನೆಯ ಬಗ್ಗೆ ಬರೆಯುವಾಗ ಪೆನ್ನು ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ನೀನು ಕೊಟ್ಟೆ ಅಂದಮೇಲೆ ಕೊಟ್ಟೆ. ನಂಬುತ್ತೇನೆ. ಆದರೆ ನೀನು ಕೊಟ್ಟೂ ಅಪ್ಪ ಕೂಗುತ್ತಾರೆ ಅಂದರೆ ನಡುವೆ ಏನೋ ಆಗುತ್ತಿದೆ. ಅಂಗೈಗೆ ಹಾಕಿದೆ, ಲೋಟ ಕೊಟ್ಟೆ ಅಂತ ಬರೆದಿದ್ದೀಯ. ಬಾಯಿಗೆ ಹೋದದ್ದನ್ನು ನೋಡಿದೆಯಾ?

ಅಕ್ಕ


ಸೆಪ್ಟೆಂಬರ್ 27

ಅಕ್ಕಾ,

ನೋಡಿರಲಿಲ್ಲ.

ನಿನ್ನ ಪತ್ರ ಬಂದದ್ದು ಸೋಮವಾರ. ಓದಿ ಮತ್ತೆ ಸಿಟ್ಟು ಬಂತು, ಈಗ ಅಪ್ಪನನ್ನೂ ಕಳ್ಳನನ್ನಾಗಿ ಮಾಡುತ್ತಾಳಲ್ಲ ಅಂತ. ಮಂಗಳವಾರ ಬೆಳಿಗ್ಗೆ ನನ್ನ ಹೆಂಡತಿ ಹಾಸಿಗೆಯ ಹೊದಿಕೆ ಬದಲಿಸುವಾಗ ತೂಕದ ಪೆಟ್ಟಿಗೆ ಕೆಳಗೆ ಬಿತ್ತು. ಆ ಮಕಮಲ್ಲಿನ ಗುಳಿಗಳಲ್ಲಿ ಬಟ್ಟು ಕೂರುತ್ತದಲ್ಲ, ಪ್ರತಿ ಬಟ್ಟಿನ ಕೆಳಗೂ ಮಾತ್ರೆ. ನೆಲದ ಮೇಲೆಲ್ಲ ಚೆಲ್ಲಿದವು. ಇನ್ನೂರಕ್ಕೂ ಮೇಲೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಹೊಳೆದದ್ದು ಒಂದೇ. ಕೂಡಿಟ್ಟು ಒಂದು ದಿನ ಎಲ್ಲವನ್ನೂ ಒಟ್ಟಿಗೆ...

ಅವಳನ್ನು ಒಳಗೆ ಕಳಿಸಿ ಮಂಚದ ಹತ್ತಿರ ಕೂತೆ. ನಿನ್ನ ಪಾಠದ ಹಾಳೆಯಲ್ಲಿ ಇದಕ್ಕೊಂದು ಪ್ರಶ್ನೆ ಇದ್ದೀತು. ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಕೇಳಿದೆ.

"ಅಪ್ಪಾ, ಇದೇನಿದು?"

"ಜಪ್ತಿ ಮಾಡಿದ ಮಾಲು," ಅಂದರು.

"ತಮಾಷೆ ಬೇಡ. ಎಲ್ಲಾನೂ ಒಟ್ಟಿಗೆ ನುಂಗೋಕೆ ಇಟ್ಕೊಂಡಿದ್ರಾ?"

ನನ್ನನ್ನೇ ನೋಡಿದರು. ಆಮೇಲೆ ಬೈದರು, ಅಕ್ಕಾ, ಎಷ್ಟೋ ದಿನದ ಮೇಲೆ ಬಾಯಿ ತುಂಬ ಬೈದರು. "ನಿನಗೇನು ತಲೆ ಕೆಟ್ಟಿದೆಯೇನೋ? ದಿನಕ್ಕೆ ಆರು ನುಂಗಿದ್ದಕ್ಕೆ ಒಂಬತ್ತು ದಿನ ಹೊಟ್ಟೆ ಕಟ್ಟಿತ್ತು. ಅಷ್ಟೂ ನುಂಗಿದ್ರೆ ಮುಂದಿನ ಜನ್ಮದಲ್ಲೂ ಹೋಗಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊಟ್ಟೆ ಗಟ್ಟಿಯಾಗಿ ಊದಿಕೊಂಡಿತ್ತು. ಊಟ ಬಿಟ್ಟದ್ದೂ ಅದಕ್ಕೇ. ನಾವು ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡಿದ್ದೆವು. ಮಾತ್ರೆ ಎಲ್ಲವನ್ನೂ ತಗೊಂಡರೆ ಕಲ್ಲು ಕಟ್ಟಿದ ಹಾಗೆ ಆಗುತ್ತದಂತೆ. ಅದಕ್ಕೇ ಅವರೇ ತೂಗಿ ಅಳೆದು ದಿನಕ್ಕೆ ಎರಡು, ಮೂರು ಮಾತ್ರ ನುಂಗಿ, ಉಳಿದದ್ದನ್ನು ಬಟ್ಟಿನ ಕೆಳಗೆ ಇಡುತ್ತಿದ್ದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂದೆ.

"ಯಾರಿಗೆ ಹೇಳ್ಲಿ? ಸೊಸೆಗಾ? ಮೊದಲೇ ಆ ಮಗು ನನ್ನ ಉಚ್ಚೆ ಪಾತ್ರೆ ತೊಳೀತಾಳೆ. ನಿಮ್ಮಕ್ಕ ಫೋನ್ ಮಾಡಿ ಭಯ ಆಗುತ್ತಾ ಅಂದ್ಲು. ದೇವರ ಮೇಲೆ ನಂಬಿಕೆ ಇದೆಯಾ ಅಂದ್ಲು. ಯಾರ ಹತ್ರನಾದ್ರೂ ಮಾತು ಬಾಕಿ ಇದೆಯಾ ಅಂದ್ಲು. ಕಕ್ಕಸಿಗೆ ಸರಿಯಾಗಿ ಹೋಗ್ತಿದೆಯಾ ಅಂತ ಒಬ್ಬರೂ ಕೇಳ್ಲಿಲ್ಲ."

"ಅದಕ್ಕೆ ನೋವು ತಿಂದ್ಕೊಂಡು ಇದ್ರಾ?"

"ಎರಡರಲ್ಲಿ ಒಂದನ್ನ ಆರಿಸ್ಕೋಬೇಕಿತ್ತು. ನೋವಾದ್ರೆ ಮರ್ಯಾದೆ ತೆಗೆಯಲ್ಲ ಕಣೋ."

ನಾನು ಅವರ ಕಾಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ. ನಿಮ್ಮ ಮೇಡಂ ಇದ್ದಿದ್ದರೆ ನನಗೆ ಒಳ್ಳೆಯ ಅಂಕ ಕೊಡುತ್ತಿದ್ದರು.

ಅಪ್ಪನಿಗೆ ಕೇಳದ ಹಾಗೆ ಪಕ್ಕದ ಮನೆಯಿಂದ ಫೋನು ಮಾಡಿ ಡಾಕ್ಟರನ್ನು ಕರೆಸಿದೆ. ಅವರು ಹೊಟ್ಟೆ ಒತ್ತಿ ನೋಡಿ, ನರ್ಸಮ್ಮನನ್ನು ಕರೆದು ಮಾಡಬೇಕಾದದ್ದನ್ನು ಮಾಡಿಸಿದರು. ವಿವರ ಬೇಡ, ನಿನಗೆ ಗೊತ್ತಿರುವುದೇ. ಕೈ ತೊಳೆಯುತ್ತಾ ನನ್ನನ್ನು ಕೇಳಿದರು: "ಮಾರ್ಫಿನ್ ಜೊತೆ ಹೊಟ್ಟೆ ಸಡಿಲ ಮಾಡೋ ಸಿರಪ್ ಕೊಡ್ಲೇಬೇಕಲ್ರೀ. ನಿಮ್ಮಕ್ಕ ಎಲ್ಲ ಬರೆದು ತಿಳಿಸ್ತೀನಿ ಅಂದಿದ್ರು, ಬರೀಲಿಲ್ವಾ?"

ಆಗ ಗೆದ್ದೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ದೀಪದ ಕೆಳಗೇ ಕತ್ತಲು, ಇಷ್ಟು ದೊಡ್ಡ ಓದಿನವಳು ಇಷ್ಟು ಚಿಕ್ಕದನ್ನು ಮರೆತಳು ಅಂತ ನಿನಗೊಂದು ಪತ್ರ ಮನಸ್ಸಿನಲ್ಲೇ ಬರೆದುಬಿಟ್ಟೆ. ಡಾಕ್ಟರಿಗೆ ತೋರಿಸುತ್ತೇನೆ ಅಂತ ಕಪಾಟಿನ ಬಾಗಿಲು ತೆಗೆದು ನಿನ್ನ ಪತ್ರ ಓದಿದೆ. ಒಂದು. ಎರಡು. ಮೂರು. ಮೇಲೆ 'ನಾಲ್ಕು ಮಾತು' ಅಂತಿದೆ. ಎರಡೂವರೆ ತಿಂಗಳು ದಿನಾ ನೋಡಿದ ಹಾಳೆ ಅಕ್ಕಾ, ನಾನು ಎಣಿಸಿರಲಿಲ್ಲ.

ಒದ್ದೆ ಬಟ್ಟೆ ಇಟ್ಟು, ಇಸ್ತ್ರಿ ಪೆಟ್ಟಿಗೆಯ ಬಿಸಿ ಕೊಟ್ಟು, ಅರ್ಧ ದಿನ ಕೂತು ಕಿತ್ತೆ. ಅಷ್ಟು ಚೆನ್ನಾಗಿ ಅಂಟಿಸಿದ್ದೆ. ಅರ್ಧ ಬಾಗಿಲಿಗೆ ಹೋಯಿತು, ಅರ್ಧ ಬಂತು. ಅಚ್ಚಿನ ಪಾಠದ ಅಂಚಿನಲ್ಲಿ ನಿನ್ನ ಇರುವೆ ಸಾಲಿನಂಥ ಅಕ್ಷರ: 'ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ. ಮಾತ್ರೆ ಶುರುವಾದ ದಿನವೇ ಹೊಟ್ಟೆ ಸಡಿಲಿಸುವ ಸಿರಪ್ಪೂ ಶುರುವಾಗಬೇಕು. ಅಪ್ಪ ತಾವಾಗಿ ಬಾಯಿ ಬಿಡುವುದಿಲ್ಲ. ದಿನಾ ನೀನೇ ಕೇಳು, ಸಂಕೋಚ ಬೇಡ. ಮುಂದೆ ಜಾಗ ಸಾಲದೆ ಇಲ್ಲಿ ಬರೆದೆ. ನಿನ್ನ ಅಕ್ಕ.'

ಸಹಿಯೂ ಅಲ್ಲೇ ಇತ್ತು.

ತಮ್ಮ


ಅಕ್ಟೋಬರ್ 5

ತಮ್ಮಾ,

ನಿನ್ನ ಪತ್ರವನ್ನು ವಾರ್ಡಿನ ಮೆಟ್ಟಿಲ ಮೇಲೆ ಕೂತು ಓದಿದೆ.

ಹಿಂಬದಿ ಓದಬೇಡ ಅಂದವಳು ನಾನು. ಅಲ್ಲೇ ಬರೆದವಳೂ ನಾನು. 'ಮೂರೂ ಮಾತು ಪಾಲಿಸುತ್ತಿದ್ದೇವೆ' ಅಂತ ನೀನು ಬರೆದದ್ದನ್ನು ಓದಿ ಸಮಾಧಾನಪಟ್ಟವಳೂ ನಾನೇ. ನಿನ್ನ ಪಟ್ಟಿಯ ಶಾಯಿಯನ್ನು ಬೆಳಕಿಗೆ ಹಿಡಿದು ನೋಡಿದವಳಿಗೆ ಆ ಮೂರು ಕಾಣಲಿಲ್ಲ.

ಆದರೆ ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಅದನ್ನು ಗೋಂದಿನ ಮೇಲೆ ಹಾಕಲಾರೆ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ವಾರ್ಡಿಗೆ ಹೋದ ಕೂಡಲೇ ಪ್ರತಿ ಹಾಸಿಗೆಯ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಅದು. ಜಡ್ಜಿಗೂ ಕೇಳಿದ್ದೇನೆ, ಜಾಡಮಾಲಿಗೂ ಕೇಳಿದ್ದೇನೆ. ಹನ್ನೆರಡು ಭಾನುವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದೆ, ಒಮ್ಮೆಯೂ ನಾಲಿಗೆ ಹೊರಳಲಿಲ್ಲ. ಸಾವಿನ ಬಗ್ಗೆ ಕೇಳುವುದು ಸುಲಭವಾಯಿತು, ಅದನ್ನು ಕೇಳುವುದು ಆಗಲಿಲ್ಲ. ನನ್ನ ಸಂಕೋಚವನ್ನು ಒಂದು ಹಾಳೆಯ ಅಂಚಿಗೆ ತಳ್ಳಿ, ಸಂಕೋಚ ಬೇಡ ಅಂತ ನಿನಗೆ ಬುದ್ಧಿ ಹೇಳಿದೆ. ಅಪ್ಪ ಎರಡು ತಿಂಗಳು ಅದಕ್ಕೆ ನೋವು ತಿಂದರು.

ಪ್ರಕರಣ ಏಳನ್ನು ಹರಿದುಹಾಕುತ್ತೇನೆ ಅಂತ ಮೇಡಂ ಹತ್ತಿರ ಹೋದೆ. ಎಲ್ಲ ಹೇಳಿದೆ, ಸುಳ್ಳನ್ನೂ ಸೇರಿಸಿ. ಅವರು ಕರಡನ್ನು ಕೊನೆಯವರೆಗೆ ಓದಿದರು. ಆಮೇಲೆ, "ಹರಿಯೋದು ಬೇಡ. ನಿಮ್ಮಪ್ಪ, ತಮ್ಮ ಇಬ್ಬರೂ ಒಪ್ಪಿದ್ರೆ ಮಾತ್ರ ಬರೀರಿ. ಈ ಸಲ ತಪ್ಪು ಮಾಡಿದವರ ಜಾಗದಲ್ಲಿ ನಿಮ್ಮನ್ನ ಹಾಕ್ಕೊಳ್ಳಿ," ಅಂದರು. ಒಪ್ಪದಿದ್ದರೆ ಬರೆಯುವುದಿಲ್ಲ, ಈ ವರ್ಷ ಹೋದರೆ ಹೋಗಲಿ.

ಹತ್ತು ದಿನ ರಜೆ ಕೊಟ್ಟಿದ್ದಾರೆ. ಪರೀಕ್ಷೆ ಮುಗಿಸಿ ಇಪ್ಪತ್ತನಾಲ್ಕಕ್ಕೆ ಹೊರಡುತ್ತೇನೆ, ದಾರಿಯಲ್ಲಿ ಎರಡು ದಿನ. ಅಪ್ಪನಿಗೆ ಹೇಳು. ಅಷ್ಟರವರೆಗೆ ಇರುತ್ತಾರಾ ತಮ್ಮಾ? ಈ ಪ್ರಶ್ನೆ ಯಾವ ಹಾಳೆಯಿಂದಲೂ ತೆಗೆದದ್ದಲ್ಲ.

ಇದು ಹೊಸ ಹಾಳೆ. ಹಿಂಬದಿ ಖಾಲಿ ಬಿಟ್ಟಿದ್ದೇನೆ, ತಿರುಗಿಸಿ ನೋಡಿಕೋ.

ನಿನ್ನ ಅಕ್ಕ


ಅಕ್ಟೋಬರ್ 13

ಅಕ್ಕಾ,

ನಿನ್ನ ಹಾಳೆಯ ಹಿಂಬದಿಯಲ್ಲೇ ಉತ್ತರ ಬರೆಯುತ್ತಿದ್ದೇನೆ. ಪತ್ರವನ್ನು ಈ ಸಲ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ, ಅಂಗಡಿಯಲ್ಲಿ ಬಚ್ಚಿಡಲಿಲ್ಲ. ಒಂದು ಬದಿ ಖಾಲಿ ಬಿಟ್ಟದ್ದಕ್ಕೆ ಮಾತ್ರ ಬೈದರು.

ಸಿರಪ್ಪು ದಿನಾ ಕೊಡುತ್ತಿದ್ದೇನೆ. ಬೆಳಿಗ್ಗೆ ನಾನೇ ಕೇಳುತ್ತೇನೆ. ಮೊದಲ ದಿನ ಇಬ್ಬರೂ ಗೋಡೆ ನೋಡಿಕೊಂಡು ಮಾತಾಡಿದೆವು. ಈಗ ನಾನು ಬಾಗಿಲಲ್ಲಿ ಕಂಡ ಕೂಡಲೇ ಅವರೇ "ಆಯ್ತು, ಆಯ್ತು, ವರದಿ ಬರ್ಕೋ" ಅನ್ನುತ್ತಾರೆ. ಮಾತ್ರೆಯನ್ನು ಡಾಕ್ಟರು ಕಡಿಮೆಯಿಂದ ಶುರು ಮಾಡಿ ಏರಿಸಿದ್ದಾರೆ, ಎಲ್ಲವೂ ಬಾಯಿಗೇ ಹೋಗುತ್ತಿವೆ. ನುಂಗಿದ ಮೇಲೆ ನಾಲಿಗೆ ಚಾಚಿ ತೋರಿಸುತ್ತಾರೆ, ನನ್ನನ್ನು ಅಣಕಿಸಲು. ನಿನ್ನೆ ಮಗ್ಗುಲು ತಿರುಗಿಸಿದಾಗ ಕೂಗಲಿಲ್ಲ.

ಆದರೆ ತೆಳ್ಳಗಾಗಿದ್ದಾರೆ. ಅಷ್ಟರವರೆಗೆ ಇರುತ್ತಾರಾ ಅಂತ ಕೇಳಿದ್ದೀಯ. ಅವರನ್ನೇ ಕೇಳಿದೆ.

ಬರೆಯುವ ವಿಷಯಕ್ಕೆ ನಾನು ಒಪ್ಪಿದ್ದೇನೆ, ಒಂದು ಷರತ್ತು: ಅದನ್ನು ಬೈಂಡ್ ಮಾಡುವವನು ನಾನೇ. ಅಪ್ಪನೂ ಒಪ್ಪಿದ್ದಾರೆ. "ಬುಕ್ ಬೈಂಡರ್ ಅಂತ ಇವನ ಕೆಲಸ ಹಾಕಿದ್ದಾಳೆ, ನನ್ನದು ಬರೀ ಸರ್ಕಾರಿ ನೌಕರ ಅಂತೆ. ಇನ್ಸ್‌ಪೆಕ್ಟರ್ ಅಂತ ಸರಿಯಾಗಿ ಹಾಕೋಕೆ ಹೇಳು," ಅಂದರು.

ಆಮೇಲೆ ನೋವಿನ ಪಟ್ಟಿ ಕೊಡು ಅಂದರು. ಅಸಲು ಬಟ್ಟು ಸಿಕ್ಕಿತಂತೆ. ಹೊಟ್ಟೆ ಕಟ್ಟಿದ ಆ ಒಂಬತ್ತು ದಿನವನ್ನು ಹತ್ತು ಅಂತ ಇಟ್ಟುಕೊಂಡು ಉಳಿದದ್ದನ್ನು ತೂಗಬಹುದಂತೆ. ದಿಂಬಿಗೆ ಒರಗಿಸಿ ಕೂರಿಸಿ, ಕೈಗೆ ಪೆನ್ನು ಕೊಟ್ಟೆ. ಬರೆಯಲು ಬಹಳ ಹೊತ್ತು ಹಿಡಿಯಿತು. ಪಟ್ಟಿಯನ್ನು ನೀನೇ ಬೆಳಕಿಗೆ ಹಿಡಿದು ನೋಡುವೆಯಂತೆ, ಅದು ಇಲ್ಲೇ ಇರಲಿ. ಅದರಲ್ಲಿರುವುದನ್ನು ಇದ್ದಂತೆ ನಕಲು ಮಾಡುತ್ತೇನೆ:

'ನೋವು: ಎರಡು. ಪರಿಶೀಲಿಸಲಾಗಿದೆ, ಸರಿಯಿದೆ. ಮುಂದಿನ ಪರಿಶೀಲನೆ: ಮಗಳು ಬಂದ ದಿನ.'

ಕೆಳಗೆ ಹಳೆಯ ಸಹಿ, ಅಂಗಡಿಗಳ ತಕ್ಕಡಿ ಪ್ರಮಾಣಪತ್ರದ ಮೇಲೆ ಹಾಕುತ್ತಿದ್ದರಲ್ಲ, ಅದೇ. ಪೆನ್ನು ವಾಪಸ್ಸು ಕೊಡುತ್ತಾ ಅಂದರು: "ತಾರೀಖು ಮೀರಬಾರದು ಅಂತ ನಿಮ್ಮಕ್ಕನಿಗೆ ಬರಿ. ಅವಧಿ ಮುಗಿದ ತಕ್ಕಡಿ ಇಟ್ಕೊಂಡು ಕೂರೋಕೆ ನನಗೆ ಅಧಿಕಾರ ಇಲ್ಲ."

ಬೇಗ ಬಾ.

ನಿನ್ನ ತಮ್ಮ